ಸಿಗ್ನಲ್ ಬರೋದು ಗಾಳಿಲಲ್ಲ, ರಸ್ತೆ ಮೇಲೆ

ಮಳೆ ಬಗ್ಗೆ ಬರೆಯೋಕೆ ಇದು ಸೀಸನ್ನೇ ಅಲ್ಲ, ಗೊತ್ತು. ಜನವರಿ ತಿಂಗಳು, ಊರಲ್ಲಿ ಕಾಫಿ ಕೊಯ್ಲು ನಡೀತಿದೆ, ಅಮ್ಮ ದಿನಾ ಫೋನ್ ಮಾಡಿ ಆಳು ಸಿಗ್ತಿಲ್ಲ ಅಂತ ಬಯ್ತಿರ್ತಾರೆ, ಯಾರನ್ನ ಬಯ್ತಾರೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಆದ್ರೆ ಇದನ್ನ ಆಗಸ್ಟ್‌ನಲ್ಲಿ ಬರೆಯೋಕೆ ನನ್ನ ಕೈಲಿ ಆಗಲ್ಲ. ಆಗಸ್ಟ್ ಬಂತು ಅಂದ್ರೆ ನಾನು ಏನೂ ಬರೆಯಲ್ಲ, ಸುಮ್ನೆ ಫೋನ್ ನೋಡ್ಕೊಂಡು ಕೂತಿರ್ತೀನಿ.

ಹೋದ ವಾರ ಹ್ಯಾಮ್ ರೇಡಿಯೋ ಕ್ಲಾಸಲ್ಲಿ (ಟವರ್ ಇಲ್ದೆ ರೇಡಿಯೋ ಸೆಟ್ಟಲ್ಲೇ ಮಾತಾಡೋ ಹವ್ಯಾಸ ಅದು, ಹೌದು ಸೇರ್ಕೊಂಡಿದೀನಿ, ನಗಬೇಡಿ) ಸಾರ್ ಎಲ್ರನ್ನೂ ಒಬ್ಬೊಬ್ರಾಗಿ ಕೇಳಿದ್ರು, ನೀವ್ಯಾಕೆ ಬಂದ್ರಿ ಅಂತ. ಒಬ್ಬ ಎಲೆಕ್ಟ್ರಾನಿಕ್ಸ್ ಇಂಟರೆಸ್ಟು ಅಂದ, ರಿಟೈರ್ಡ್ ಮೇಷ್ಟ್ರೊಬ್ರು ಮನೇಲಿ ಕೂತು ಬೇಜಾರು ಅಂದ್ರು, 13 ವರ್ಷದ ಒಬ್ಬ ಹುಡುಗ ಅಂತೂ ಸ್ಪೇಸ್ ಸ್ಟೇಷನ್ ಜೊತೆ ಮಾತಾಡ್ಬೇಕು ಅಂದ, ಎಲ್ರೂ ಚಪ್ಪಾಳೆ ಹೊಡೆದ್ರು. ನನ್ನ ಸರದಿ ಬಂದಾಗ ಬಾಯಿಗೆ ಬಂದಿದ್ದು ಒಂದೇ ಪದ. ಮಕ್ಕಂದೂರು. ಸಾರ್ ಸ್ವಲ್ಪ ಹೊತ್ತು ಸುಮ್ನಿದ್ದು ತಲೆ ಆಡ್ಸಿದ್ರು, ಬೇರೆಯವ್ರಿಗೆ ತಲೆಬುಡ ಅರ್ಥ ಆಗ್ಲಿಲ್ಲ, ಚಪ್ಪಾಳೆನೂ ಬರ್ಲಿಲ್ಲ. 2018ರ ಮಳೇಲಿ ಗುಡ್ಡ ಜಾರಿದ ಕೊಡಗಿನ ಊರು ಅದು, ನಮ್ಮನೆ ಕಡೆಯದು.

ನಮ್ಮಪ್ಪ ಹಾಸನ ಕಡೆಯೋರು, ಮದುವೆಗೆ ಮುಂಚೆನೇ ಕೊಡಗಿಗೆ ಬಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿ ಸೇರ್ಕೊಂಡೋರು. ರೈಟರ್ ಅಂದ್ರೆ ಕಥೆ ಬರೆಯೋರಲ್ಲ ಮತ್ತೆ, ಬೆಂಗಳೂರಲ್ಲಿ ಫ್ರೆಂಡ್ಸ್‌ಗೆ ಹೇಳಿ ಹೇಳಿ ಸಾಕಾಗಿದೆ. ತೋಟದ ಲೆಕ್ಕ, ಆಳುಗಳ ಹಾಜರಿ, ವಾರದ ಬಟವಾಡೆ, ಇಷ್ಟನ್ನೂ ನೋಡ್ಕೊಳ್ಳೋರು ರೈಟರ್. ಮಡಿಕೇರಿಯಿಂದ ಮಕ್ಕಂದೂರು ದಾಟಿ ಇನ್ನೂ ಮೇಲೆ ಹೋಗ್ಬೇಕು ನಮ್ಮನೆಗೆ. ಮನೇಲಿ ರೇಂಜ್ ಸಿಗೋದು ಒಂದೇ ಜಾಗದಲ್ಲಿ, ಅಡುಗೆಮನೆ ಕಿಟಕಿ ಪಕ್ಕ ಅಕ್ಕಿ ಡಬ್ಬದ ಮೇಲೆ. ಅಲ್ಲಿಟ್ರೆ ಎರಡು ಕಡ್ಡಿ, ಕೈಯಲ್ಲಿ ಎತ್ಕೊಂಡ್ರೆ ಸೊನ್ನೆ. ಹಾಗಾಗಿ ಅಮ್ಮ ಅಕ್ಕಿ ಡಬ್ಬಕ್ಕೆ ಬಾಗಿ ಮಾತಾಡೋದು, ಸೊಂಟ ನೋವು ಅಂತ ಆಮೇಲೆ ನಂಗೇ ಹೇಳೋದು.

2018ರ ಮಳೆ ಎಂಥದು ಅಂತ ಅಲ್ಲಿದ್ದೋರಿಗೆ ಹೇಳೋದು ಬೇಡ. ಆಗಸ್ಟ್ 15, ಬುಧವಾರ ಸಾಯಂಕಾಲ ಮಾತಾಡಿದ್ದೆ. ಅಪ್ಪ ಬೆಳಿಗ್ಗೆ ಶಾಲೆಗೆ ಹೋಗಿದ್ರಂತೆ, "ಧ್ವಜ ಹಾರ್ಲಿಲ್ಲ ಕಣೆ, ಒದ್ದೆಯಾಗಿ ಕಂಬಕ್ಕೇ ಅಂಟ್ಕೊಂಬಿಡ್ತು" ಅಂದ್ರು. ಕರೆಂಟ್ ಹೋಗಿ ನಾಲ್ಕು ದಿನ ಆಗಿತ್ತು, ಪಕ್ಕದ ತೋಟದವ್ರ ಜೀಪಿನ ಬ್ಯಾಟರಿಯಿಂದ ಚಾರ್ಜ್ ಹಾಕ್ಕೊಂಡು ಬರೋರು. ಅಮ್ಮ ಕೊನೇಲಿ ಒಂದು ಮಾತು ಹೇಳಿದ್ರು, ನಾನು ಅದನ್ನ ಕಿವಿಗೇ ಹಾಕ್ಕೊಳ್ಲಿಲ್ಲ. "ಗುಡ್ಡದ ಒರತೆ ನೀರು ಎರಡು ದಿನದಿಂದ ಕೆಂಪಗೆ ಬರ್ತಿದೆ." ಆಮೇಲೆ ಓದಿ ತಿಳ್ಕೊಂಡೆ, ತಿಳಿಯಾಗಿ ಬರೋ ಒರತೆ ಇದ್ದಕ್ಕಿದ್ದಂಗೆ ಕೆಸರಾದ್ರೆ ಗುಡ್ಡದ ಒಳಗಡೆ ಮಣ್ಣು ಸಡಿಲ ಆಗ್ತಿದೆ ಅಂತ ಅರ್ಥ, ಮನೆ ಬಿಡ್ಬೇಕಾದ ಟೈಮ್ ಅದು. ನಾನು ಅವತ್ತು ಹೇಳಿದ್ದು "ನೀರು ಕಾಯಿಸಿ ಕುಡೀರಿ" ಅಂತ.

ಮಾರ್ನೇ ದಿನ ಗುರುವಾರ ಸಾಯಂಕಾಲದಿಂದ ಫೋನ್ ಹೋಗ್ಲಿಲ್ಲ. ಆ ಹೆಂಗಸಿನ ದನಿ ನಿಮಗೂ ಗೊತ್ತಲ್ಲ, ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅನ್ನೋದು. ರಾತ್ರಿಯೆಲ್ಲ ಅದನ್ನೇ ಕೇಳಿದೀನಿ. ಹೊರಗೆ ಎಲ್ಲಿಗೆ ಹೋಗ್ತಾರೆ ಅವ್ರು, ಆ ಅಕ್ಕಿ ಡಬ್ಬದ ಹತ್ರನೇ ಇರ್ತಾರೆ, ವ್ಯಾಪ್ತಿ ಪ್ರದೇಶನೇ ಅವ್ರನ್ನ ಬಿಟ್ಟು ಹೋಗಿದ್ದು.

ಶುಕ್ರವಾರ ಬೆಳಿಗ್ಗೆ ಟಿವಿಲಿ ಜೋಡುಪಾಲದಲ್ಲಿ ಗುಡ್ಡ ಕುಸಿತ, ಮಡಿಕೇರಿ-ಮಂಗಳೂರು ರಸ್ತೆ ಬಂದ್, ಮಡಿಕೇರಿ ಸುತ್ತ ಗುಡ್ಡ ಗುಡ್ಡಗಳೇ ಜಾರಿದ ಸುದ್ದಿ. ಮಧ್ಯಾಹ್ನಕ್ಕೆ ಒಂದು ವಿಡಿಯೋ ಬಂತು, ಎರಡಂತಸ್ತಿನ ಮನೆ ಇಡೀಯಾಗಿ ಕೆಳಕ್ಕೆ ಜಾರ್ಕೊಂಡು ಹೋಗೋದು, ನೀವೂ ನೋಡಿರ್ತೀರ. ನಮ್ಮನೆ ಹೆಂಚಿನ ಮನೆ, ಒಂದೇ ಅಂತಸ್ತು, ಆದ್ರೂ ಆ ವಿಡಿಯೋನ ಐವತ್ತು ಸಲ ನೋಡಿ ನಮ್ಮನೆ ಅಲ್ಲ ತಾನೆ ಅಂತ ಚೆಕ್ ಮಾಡ್ದೆ. ತಲೆ ಕೆಟ್ಟಾಗ ಹಂಗೇ. ಜಿಲ್ಲೆಯ ಸಹಾಯವಾಣಿ 1077ಗೆ ಮುಂದೆ ಮಡಿಕೇರಿ ಎಸ್‌ಟಿಡಿ ಕೋಡ್ ಹಾಕಿ ಹಾಕಿ ಕೊನೆಗೆ ಸಿಕ್ತು, ಆ ಕಡೆ ಇದ್ದೋರು ಪಾಪ ಗಂಟಲು ಕಟ್ಟಿಹೋಗಿತ್ತು, ಹೆಸ್ರು ಊರು ಬರ್ಕೊಂಡ್ರು, "ಆ ಕಡೆಗೆ ಫೋನೇ ಹೋಗ್ತಿಲ್ಲ ಮೇಡಂ, ಆರ್ಮಿಯವ್ರು ಹೊರಟಿದಾರೆ" ಅಂದ್ರು. ಅಷ್ಟು ಹೇಳಿದ್ದೇ ದೊಡ್ಡದು.

ಶನಿವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಗೊತ್ತಿಲ್ಲದ ನಂಬರಿಂದ ಒಂದು ಎಸ್ಸೆಮ್ಮೆಸ್. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿರೋ ಕನ್ನಡ. "ರೈಟರ್ ಸಾರ್ ಅಮ್ಮ ಇಬ್ರೂ ಸೇಫ್. ಮೇಲಿನ ಶಾಲೇಲಿ ಇದಾರೆ. ಊಟ ಇದೆ. ಕಾಲ್ ಮಾಡ್ಬೇಡಿ ಚಾರ್ಜ್ ಇಲ್ಲ."

ನಾನು ಏನು ಮಾಡ್ದೆ ಹೇಳಿ. ತಕ್ಷಣ ಕಾಲ್ ಮಾಡ್ದೆ. ಕಟ್ ಆಯ್ತು, ಮತ್ತೆ ಮಾಡ್ದೆ, ಬಿಜಿ ಬಂತು, ಮತ್ತೆ ಮಾಡ್ದೆ, ಆಮೇಲೆ ಸ್ವಿಚ್ಡ್ ಆಫ್.

ಈ ಎಸ್ಸೆಮ್ಮೆಸ್ ಹಿಂದಿನ ಕಥೆ ಗೊತ್ತಾಗಿದ್ದು ಹತ್ತು ದಿನ ಆದ್ಮೇಲೆ, ಮಡಿಕೇರಿ ನಿರಾಶ್ರಿತರ ಕೇಂದ್ರಕ್ಕೆ ಹೋದಾಗ. ಗುರುವಾರ ರಾತ್ರಿ ಗುಡ್ಡದ ಕಡೆಯಿಂದ ಸದ್ದು ಕೇಳಿ ಸುತ್ತಮುತ್ತಲಿನ ಜನ ಎಲ್ಲ ಮೇಲಿನ ಶಾಲೆಗೆ ಹೋಗಿದ್ರಂತೆ, ಲೈನ್ ಮನೆಯವ್ರು (ತೋಟದ ಆಳುಗಳ ಸಾಲು ಮನೆಗಳವ್ರು), ತೋಟದವ್ರು, ಎಲ್ರೂ. ಒಂದು ಫೋನಲ್ಲೂ ರೇಂಜ್ ಇಲ್ಲ, ಅರ್ಧಕ್ಕರ್ಧ ಫೋನ್ ಆಗ್ಲೇ ಸತ್ತಿದೆ. ಆವಾಗ ಅಪ್ಪ ತನಗೆ ಗೊತ್ತಿರೋ ಒಂದೇ ಕೆಲಸ ಮಾಡಿದಾರೆ. ಹಾಜರಿ ತಗೊಂಡಿದಾರೆ. ಶಾಲೆಯ ಹಳೇ ನೋಟ್‌ಬುಕ್ಕಿಂದ ಹಾಳೆ ಹರ್ದು, ಎಸ್ಟೇಟ್ ಚೆಕ್‌ರೋಲ್, ಅಂದ್ರೆ ಹಾಜರಿ ಪಟ್ಟಿ ಥರಾನೇ ಗೀಟು ಎಳೆದು, ಕ್ರಮಸಂಖ್ಯೆ, ಮನೆ ಯಜಮಾನರ ಹೆಸ್ರು, ಎಷ್ಟು ಜನ ಇದೀವಿ, ಯಾರಿಗೆ ತಿಳಿಸ್ಬೇಕು, ಅವ್ರ ನಂಬರು, ಏನು ಹೇಳ್ಬೇಕು ಒಂದೇ ಸಾಲಲ್ಲಿ. ಒಟ್ಟು 43 ಸಾಲು. ನಂಬರ್ ಬಾಯಿಪಾಠ ಬರ್ದೇ ಇರೋರದ್ದು ಇನ್ನೊಂದು ಗೋಳು, ಫೋನ್ ಸತ್ತೋದ್ರೆ ಮಗನ ನಂಬರ್ ಕೂಡಾ ಅದರ ಜೊತೆನೇ ಸತ್ತಂಗೆ, ನಮ್ಮಮ್ಮಂಗೂ ನನ್ನ ನಂಬರ್ ಬರ್ತಿರ್ಲಿಲ್ಲ, ಅಪ್ಪನ ಜೇಬಲ್ಲಿ ಚೀಟಿ ಇತ್ತು ಬಚಾವ್.

ಲೈನ್ ಮನೆಯ ಒಬ್ಬ ಹುಡುಗ, ಆಗ ಹತ್ತೊಂಬತ್ತೋ ಇಪ್ಪತ್ತೋ ಇರ್ಬೇಕು, ಶನಿವಾರ ಬೆಳಿಗ್ಗೆ ಆ ಹಾಳೆನ ಗೊಬ್ಬರದ ಪ್ಲಾಸ್ಟಿಕ್ಕಲ್ಲಿ ಸುತ್ತಿ ಅಂಗಿ ಒಳಗೆ ಇಟ್ಕೊಂಡು ಹೊರಟಿದಾನೆ. ರಸ್ತೆ ಇದ್ದ ಕಡೆ ರಸ್ತೆ, ಇಲ್ಲದ ಕಡೆ ತೋಟದೊಳಗೆ, ಕೆಲವು ಕಡೆ ಕುಂಡೆ ಮೇಲೆ ಜಾರ್ಕೊಂಡು (ಅವನದೇ ಮಾತು). ಮಡಿಕೇರಿ ಹತ್ರ ಹೋದ್ಮೇಲೆ ರೇಂಜ್ ಸಿಕ್ಕಿದೆ. ಯಾರದೋ ಅಂಗಡೀಲಿ ಸ್ವಲ್ಪ ಚಾರ್ಜ್ ಮಾಡ್ಕೊಂಡು ಒಂದೊಂದಾಗಿ ಮೆಸೇಜ್ ಹಾಕೋಕೆ ಶುರು ಮಾಡಿದಾನೆ. "ಅಕ್ಕ, 26 ಜನಕ್ಕೆ ಹಾಕೋವಷ್ಟರಲ್ಲಿ ಕಾಲ್ ಬರೋಕೆ ಶುರುವಾಯ್ತು, ಒಬ್ರದ್ದು ಕಟ್ ಮಾಡಿದ್ರೆ ಇನ್ನೊಬ್ರದ್ದು, ಟೈಪ್ ಮಾಡೋಕೇ ಬಿಡ್ಲಿಲ್ಲ, ಚಾರ್ಜ್ ಖಾಲಿ ಆಯ್ತು, ಉಳಿದ 17 ಜನಕ್ಕೆ ಭಾನುವಾರ ಹಾಕಿದ್ದು" ಅಂದ. ಬೇಜಾರು ಮಾಡ್ಕೊಂಡು ಹೇಳ್ಲಿಲ್ಲ, ನಗ್ತಾನೇ ಹೇಳ್ದ. ನಾನು ಮುಖ ಎಲ್ಲಿಡ್ಲಿ. ನನ್ನಂಥೋರು ಮಾಡಿದ ಕಾಲಿಂದ 17 ಮನೆಯವ್ರು ಇನ್ನೊಂದು ರಾತ್ರಿ ನಿದ್ದೆ ಇಲ್ದೆ ಕಳೆದ್ರು, ಅಷ್ಟೇ ವಿಷಯ. ಕಾಲ್ ಮಾಡ್ಬೇಡಿ ಅಂತ ಸ್ಪಷ್ಟವಾಗಿ ಬರ್ದಿತ್ತು, ಓದೋಕೆ ಬರ್ತಿತ್ತು ನಂಗೆ.

ಇನ್ನೊಂದೂ ಒಪ್ಕೊಂಬಿಡ್ತೀನಿ. ಶುಕ್ರವಾರ ಗಾಬರೀಲಿ ಅಪ್ಪನ ಹೆಸರು, ನಂಬರು, ಊರು ಹಾಕಿ "ದಯವಿಟ್ಟು ಶೇರ್ ಮಾಡಿ" ಅಂತ ವಾಟ್ಸಾಪಲ್ಲಿ ಬಿಟ್ಟಿದ್ದೆ. ಮೇಲೆ ತಾರೀಖು ಹಾಕಿರ್ಲಿಲ್ಲ. ಅಪ್ಪ ಕೇಂದ್ರಕ್ಕೆ ಬಂದು ಫೋನ್ ಆನ್ ಮಾಡಿದ್ದೇ ತಡ, ಬೆಳಗಾವಿಯಿಂದ ದುಬೈಯಿಂದ ಎಲ್ಲೆಲ್ಲಿಂದಲೋ ಕಾಲು, "ಸಾರ್ ನೀವು ಸಿಕ್ಕಾಕ್ಕೊಂಡಿದೀರಂತೆ ಬೋಟ್ ಕಳಿಸ್ಲಾ". ಗುಡ್ಡದ ಮೇಲೆ ಬೋಟು! ಮೆಸೇಜ್ ಡಿಲೀಟ್ ಮಾಡಿದ್ರೂ ಅದು ನನ್ನ ಕೈ ಬಿಟ್ಟು ಹೋಗಿ ಆಗಿತ್ತು, ಸೆಪ್ಟೆಂಬರ್‌ನಲ್ಲೂ ಯಾರೋ ಒಬ್ರು ಫೋನ್ ಮಾಡಿದ್ರಂತೆ. ಅದರ ಮಧ್ಯ ಡ್ಯಾಮ್ ಒಡೀತಂತೆ ಅನ್ನೋ ಫಾರ್ವರ್ಡುಗಳು ಬೇರೆ, ನಮ್ಮ ಫ್ಯಾಮಿಲಿ ಗ್ರೂಪಿಗೇ ಮೂರು ಸಲ ಬಂತು, ಮೂರು ಸಲನೂ ಬೇರೆ ಬೇರೆ ದೊಡ್ಡಪ್ಪ.

ಆ ಗಲಾಟೆ ಎಲ್ಲ ಮುಗಿದು ಒಂದು ವರ್ಷದ ಮೇಲೆ ಮದುವೆ ಮನೇಲಿ ದೂರದ ಸಂಬಂಧದ ಭಾವ ಸಿಕ್ಕಿದ್ರು, ಟವರ್ ಮೇಂಟೆನೆನ್ಸ್ ಕಂಟ್ರಾಕ್ಟಲ್ಲಿ ಕೆಲಸ ಮಾಡೋರು. ಊಟದ ಎಲೆ ಮುಂದೇನೇ ಕೇಳ್ದೆ, ಅವತ್ತು ಟವರ್ ಬಿದ್ದಿರ್ಲಿಲ್ಲ, ಟವರ್ ಕಾಣಿಸ್ತಾನೇ ಇತ್ತು ಅಂತ ಅಪ್ಪ ಹೇಳ್ತಾರೆ, ಮತ್ತೆ ಸಿಗ್ನಲ್ ಯಾಕೆ ಹೋಯ್ತು ಅಂತ. ಭಾವ ಪಾಯಸ ಪಕ್ಕಕ್ಕಿಟ್ಟು ವಿವರಿಸಿದ್ರು. ಟವರ್ ಬೀಳೋದು ಅಪರೂಪ ಕಣಮ್ಮ. ಕರೆಂಟ್ ಹೋದ್ರೆ ಅದು ಬ್ಯಾಟರಿ ಮೇಲೆ ಓಡುತ್ತೆ, ಅದು ಕೆಲವು ಗಂಟೆ ಅಷ್ಟೆ. ಆಮೇಲೆ ಡಿಜಿ, ಅಂದ್ರೆ ಡೀಸೆಲ್ ಜನರೇಟರ್. ಡೀಸೆಲ್ ಎಲ್ಲಿಂದ ಬರುತ್ತೆ, ಕ್ಯಾನಲ್ಲಿ ತುಂಬಿ ಜೀಪಲ್ಲಿ ನಾವೇ ತಗೊಂಡು ಹೋಗ್ಬೇಕು. ರಸ್ತೆ ಕೊಚ್ಕೊಂಡು ಹೋದ್ರೆ ಜೀಪಿಲ್ಲ, ಜೀಪಿಲ್ದಿದ್ರೆ ಡೀಸೆಲಿಲ್ಲ. ಡೀಸೆಲ್ ಇದ್ರೂ ಕೆಲವು ಸಲ ಪ್ರಯೋಜನ ಇಲ್ಲ, ಯಾಕಂದ್ರೆ ಟವರಿಂದ ಆಚೆಗೆ ಮಾತು ಹೋಗೋದು ಫೈಬರ್ ಕೇಬಲಲ್ಲಿ, ಕೇಬಲ್ ಹೂತಿರೋದು ರಸ್ತೆ ಪಕ್ಕದಲ್ಲೇ, ರಸ್ತೆ ಜಾರಿದ್ರೆ ಕೇಬಲ್ಲೂ ಅದರ ಜೊತೆ. ಗುಡ್ಡದ ಕಡೆ ಒಂದು ಟವರಿಂದ ಇನ್ನೊಂದಕ್ಕೆ ಡಿಶ್ ಮೂಲಕ ಕೊಂಡಿ ಹಾಕಿರ್ತಾರೆ, ಮಧ್ಯದ್ದು ಒಂದು ಮಲಗಿದ್ರೆ ಅದರ ಬೆನ್ನಿಗಿರೋ ನಾಲ್ಕು ಮಲಗ್ತವೆ.

ಅವತ್ತಿಂದ ನನ್ನ ತಲೇಲಿ ಒಂದು ಕೂತಿದೆ. ನಾವೆಲ್ಲ ಸಿಗ್ನಲ್ ಗಾಳಿಲಿ ತೇಲ್ಕೊಂಡು ಬರುತ್ತೆ ಅಂದ್ಕೊಂಡಿದೀವಿ. ಗಾಳಿಲಿ ಬರೋದು ಹೆಚ್ಚಾಗಿ ಕೊನೇ ಒಂದೆರಡು ಕಿಲೋಮೀಟರ್ ಅಷ್ಟೇ, ಮಿಕ್ಕಿದ್ದು ಬಹುಪಾಲು ರಸ್ತೆ ಮೇಲೆ, ರಸ್ತೆ ಕೆಳಗೆ ಬರೋದು. ಬಸ್ ಬರ್ದೇ ಇರೋ ಊರಿಗೆ ಎರಡನೇ ದಿನಕ್ಕೆ ಫೋನೂ ಬರಲ್ಲ. 2024ರ ಜುಲೈ 30ರ ನಸುಕಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಸೇತುವೆ ಹೋಗಿ ಆ ಕಡೆಯೋರು ಆ ಕಡೆನೇ ಉಳಿದ್ರಲ್ಲ, ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹೋಗಿ 190 ಅಡಿ ಉದ್ದದ ಬೈಲಿ ಸೇತುವೆನ (ಉಕ್ಕಿನ ತುಂಡುಗಳನ್ನ ಜೋಡಿಸಿ ಬೇಗ ಕಟ್ಟೋದು) ಆಗಸ್ಟ್ 1ರ ಸಾಯಂಕಾಲಕ್ಕೆ ಕಟ್ಟಿ ನಿಲ್ಲಿಸಿದ್ರು. ಆಫೀಸಲ್ಲಿ ಎಲ್ರೂ ಟಿವಿ ನೋಡ್ತಾ ಅಬ್ಬಾ ಇನ್ನು ಆಂಬುಲೆನ್ಸ್ ಹೋಗುತ್ತೆ, ಜೆಸಿಬಿ ಹೋಗುತ್ತೆ ಅಂತಿದ್ರು. ನಂಗೆ ತಲೇಲಿ ಬಂದಿದ್ದು, ಇನ್ನು ಡೀಸೆಲ್ ಹೋಗುತ್ತೆ.

ಹಂಗಂತ ಟೆಕ್ನಾಲಜಿ ದಂಡ ಅಂತ ಹೇಳೋ ಜಾತಿ ನಾನಲ್ಲ, ಅದರಲ್ಲೇ ಅನ್ನ ತಿನ್ನೋಳು. ಯಾವ ಟೆಕ್ನಾಲಜಿ ಅನ್ನೋದು ಪ್ರಶ್ನೆ. ಫೋನ್ ಕಾಲ್‌ನ ತೊಂದ್ರೆ ಏನಂದ್ರೆ ಇಬ್ರೂ ಒಂದೇ ಹೊತ್ತಿಗೆ ರೇಂಜಲ್ಲಿರ್ಬೇಕು, ಇಬ್ರದ್ದೂ ಚಾರ್ಜ್ ಇರ್ಬೇಕು, ಮಧ್ಯದ ದಾರಿನೂ ಆ ಹೊತ್ತಿಗೇ ಖಾಲಿ ಇರ್ಬೇಕು. ದುರಂತದ ದಿನ ಈ ಮೂರೂ ಒಟ್ಟಿಗೆ ಕೂಡಿ ಬರೋದು ಅಂದ್ರೆ ಜಾತಕ ಕೂಡಿ ಬಂದಂಗೆ. ಅಪ್ಪನ ಹಾಳೆಗೆ ಅದ್ಯಾವುದೂ ಬೇಕಾಗಿರ್ಲಿಲ್ಲ. ಬರ್ದು ಕಳಿಸಿದ್ರು, ಅದು ಮುಟ್ಟಿದಾಗ ಮುಟ್ತು.

ಎಸ್ಸೆಮ್ಮೆಸ್ ಇರೋದೂ ಅದೇ ಥರ. ನೀವು ಕಳಿಸಿದ್ದು ಮಧ್ಯದಲ್ಲೊಂದು ಕೇಂದ್ರದಲ್ಲಿ ಕೂತಿರುತ್ತೆ, ಆ ಕಡೆಯೋರು ರೇಂಜಿಗೆ ಬಂದ ತಕ್ಷಣ ಮತ್ತೆ ಟ್ರೈ ಮಾಡಿ ಮುಟ್ಟಿಸುತ್ತೆ. ಫೋನ್ ಕಾಲ್‌ಗೆ ಬೇಕಾದಷ್ಟು ಜಾಗನೂ ಬೇಡ ಅದಕ್ಕೆ, ಸಂದಿಲಿ ನುಗ್ಗಿ ಹೋಗುತ್ತೆ, ಕಾಲ್ ಹತ್ತು ಸಲ ಕಟ್ ಆಗೋ ಕಡೆ ಎಸ್ಸೆಮ್ಮೆಸ್ ಹೋಗೋದು ಅದಕ್ಕೇ. ಒಂದು ವಿಷಯ ನೆನಪಿಡಿ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಲಿಪೀಲಿ ಬರೆದ್ರೆ ಬರೀ 70, ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಕನ್ನಡ ಲಿಪಿ ಬಗ್ಗೆ ನಂಗಿರೋ ಅಭಿಮಾನ ನಿಮಗೆಲ್ಲ ಗೊತ್ತೇ ಇದೆ, ಆದ್ರೂ ಗುಡ್ಡ ಜಾರ್ತಿರೋವಾಗ ಕಂಗ್ಲಿಷಲ್ಲೇ ಕಳ್ಸಿ, ನಾನೇನೂ ಅಂದ್ಕೊಳಲ್ಲ.

ಜಪಾನಿನವ್ರು ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ. 1995ರ ಕೋಬೆ ಭೂಕಂಪದಲ್ಲಿ ಎಲ್ರೂ ಎಲ್ರಿಗೂ ಫೋನ್ ಮಾಡಿ ಲೈನ್ ಜಾಮ್ ಆಗಿ, ಆಮೇಲೆ 1998ರಲ್ಲಿ 171 ಅಂತ ಒಂದು ನಂಬರ್ ಶುರು ಮಾಡಿದ್ರು. ದುರಂತ ಆದ ಕಡೆ ಇರೋರು ಆ ನಂಬರಿಗೆ ಹೊಡೆದು ತಮ್ಮ ಫೋನ್ ನಂಬರ್ ಒತ್ತಿ, "ಇಂಥಾ ಕಡೆ ಇದೀವಿ" ಅಂತ ಹೇಳಿ ಇಟ್ಬಿಡೋದು. ಹೊರಗಿನ ಮಕ್ಕಳು ಮರಿ ತಮಗೆ ಲೈನ್ ಸಿಕ್ಕಾಗ ಅದೇ ನಂಬರ್ ಒತ್ತಿ ಕೇಳ್ಕೊಳೋದು. ಒಬ್ರನ್ನೊಬ್ರು ಹಿಡಿಯೋ ಪರದಾಟನೇ ಇಲ್ಲ. ಹೈಟಿ ಭೂಕಂಪ ಆದಾಗ, 2010ರ ಜನವರೀಲಿ, ಗೂಗಲ್‌ನವ್ರು ಪರ್ಸನ್ ಫೈಂಡರ್ ಅಂತ ಮಾಡಿದ್ರು, 2013ರಲ್ಲಿ ಉತ್ತರಾಖಂಡದ ಪ್ರವಾಹಕ್ಕೂ ಅದನ್ನ ತೆರೆದಿದ್ರು, ಹುಡುಕ್ತಿರೋರು ಒಂದು ಕಡೆ ಹೆಸ್ರು ಹಾಕೋದು, ಸುದ್ದಿ ಗೊತ್ತಿರೋರು ಅದೇ ಹೆಸ್ರಿನ ಕೆಳಗೆ ಬರೆಯೋದು. ನಮ್ಮ ಗುಡ್ಡ ಜಾರಿದ ಅದೇ ವಾರ ಪಕ್ಕದ ಕೇರಳದಲ್ಲಿ ಕೇರಳ ರೆಸ್ಕ್ಯೂ ಅಂತ ಒಂದು ಸೈಟ್ ಓಡ್ತಿತ್ತು, ಸರ್ಕಾರದ ಐಟಿ ಮಿಷನ್ ಜೊತೆ ಸೇರಿ ವಾಲಂಟಿಯರ್ ಹುಡುಗ ಹುಡುಗೀರು ರಾತ್ರೋರಾತ್ರಿ ಬರೆದ ಕೋಡು, ಯಾರು ಬೇಕಾದ್ರೂ ತಿದ್ದೋ ಹಂಗೆ ಇಟ್ಟಿದ್ರು. ಒಂದೇ ಕಡೆ ಎಲ್ಲ ಮನವಿ, ಪ್ರತಿಯೊಂದಕ್ಕೂ ಲೊಕೇಶನ್ನು. ನನ್ನ ತಾರೀಖಿಲ್ಲದ ವಾಟ್ಸಾಪ್ ಫಾರ್ವರ್ಡು ನೆನಪಾದ್ರೆ ಈಗ್ಲೂ ಕಿವಿ ಬಿಸಿ ಆಗುತ್ತೆ.

ಆಮೇಲೆ ನಮ್ಮಲ್ಲೂ ಒಂದಿಷ್ಟು ಸುಧಾರಿಸಿದೆ, ಇಲ್ಲ ಅಂದ್ರೆ ತಪ್ಪಾಗುತ್ತೆ. 2023ರ ಅಕ್ಟೋಬರ್ 12 ನೆನಪಿದ್ಯಾ, ಕರ್ನಾಟಕದಲ್ಲಿ ಎಲ್ರ ಫೋನೂ ಕಿರ್ರೋ ಅಂತ ಕೂಗಿದ್ದು? ನಮ್ಮ ಆಫೀಸಲ್ಲಿ ಒಬ್ಬ ಬ್ಯಾಟರಿ ಸಿಡಿಯುತ್ತೆ ಅಂತ ಫೋನ್‌ನ ಕಾಫಿ ಮೆಷಿನ್ ಪಕ್ಕ ಇಟ್ಟು ಓಡ್ದ. ಅದು ಸೆಲ್ ಬ್ರಾಡ್‌ಕಾಸ್ಟ್. ಎಸ್ಸೆಮ್ಮೆಸ್ ಥರ ಒಬ್ಬೊಬ್ರ ನಂಬರಿಗೆ ಕಳಿಸೋದಲ್ಲ, ಟವರ್ ಒಂದೇ ಸಲ ಕೂಗುತ್ತೆ, ಅದರ ಕೆಳಗಿರೋ ಅಷ್ಟೂ ಫೋನಿಗೆ ಕೇಳಿಸುತ್ತೆ, ಜಾಮ್ ಆಗೋ ಪ್ರಶ್ನೆನೇ ಇಲ್ಲ. ಒರತೆ ಕೆಂಪಾದ ದಿನ ಅಂಥದ್ದೊಂದು ಕೂಗು ನಮ್ಮೂರಲ್ಲಿ ಕೇಳಿದ್ರೆ ಅಂತ ಅನ್ಸಿ ನಂಗೆ ಅವತ್ತು ಡೆಸ್ಕಲ್ಲಿ ಕೂರೋಕಾಗ್ಲಿಲ್ಲ. ಗುಜರಾತಲ್ಲಿ 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಬಂದಾಗ ಇನ್ನೊಂದು ಒಳ್ಳೇ ಕೆಲಸ ಮಾಡಿದ್ರು, ಕಚ್ ಕಡೆಯ ಜಿಲ್ಲೆಗಳಲ್ಲಿ ಯಾವ ಕಂಪನಿ ಸಿಮ್ ಇದ್ರೂ ಯಾವ ಕಂಪನಿ ಟವರ್ ಸಿಗುತ್ತೋ ಅದನ್ನ ಬಳಸ್ಬೋದು ಅಂತ. ಇದು ಗೊತ್ತಿರ್ಲಿ, ಅಂಥಾ ಆರ್ಡರ್ ಆದಾಗ ಸೆಟಿಂಗ್ಸಲ್ಲಿ ಹೋಗಿ ನೆಟ್‌ವರ್ಕ್‌ನ ಕೈಯಾರೆ ಹುಡುಕಿ ಬದಲಾಯಿಸ್ಬೇಕಾಗ್ಬೋದು. ನಮ್ಮ ರಾಜ್ಯದ ಪಂಚಾಯ್ತಿ ಪಂಚಾಯ್ತಿಗೂ ಮಳೆ ಅಳೆಯೋ ಯಂತ್ರ ಹಾಕಿದಾರೆ ಕೆಎಸ್‌ಎನ್‌ಡಿಎಂಸಿಯವ್ರು (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ), ಸೋಲಾರ್ ಮೇಲೆ ಓಡುತ್ತೆ, ಪದೇ ಪದೇ ಲೆಕ್ಕ ಕಳಿಸ್ತಾ ಇರುತ್ತೆ, ಅವ್ರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿದ್ರೆ ಮಳೆ ಎಷ್ಟು ಬಂತು ಅಂತ ಹೇಳ್ತಾರೆ, ಅಪ್ಪ ಅದರ ಪರಮ ಭಕ್ತರು. ಆದ್ರೆ ಆ ಯಂತ್ರ ಲೆಕ್ಕ ಕಳಿಸೋದೂ ಮೊಬೈಲ್ ನೆಟ್‌ವರ್ಕಲ್ಲೇ. ಕಿರ್ರೋ ಅನ್ನೋದಕ್ಕೂ ಟವರ್ ಬದುಕಿರ್ಬೇಕು. ತಿರುಗಿ ಅಲ್ಲಿಗೇ ಬಂದ್ವಿ, ಡೀಸೆಲ್ ಕ್ಯಾನಿಗೆ.

ಟವರೇ ಬೇಡದ್ದು ಏನಾದ್ರೂ ಇದ್ಯಾ ಅಂತ ಹುಡುಕ್ತಾ ಹೋಗಿ ನಾನು ಸಿಕ್ಕಿದ್ದು ಈ ಹ್ಯಾಮ್ ಕ್ಲಾಸಿಗೆ. ಸ್ಯಾಟಲೈಟ್ ಫೋನ್ ಆಸೆ ಮೊದ್ಲು ಬಂತು, ಆದ್ರೆ ನಮ್ಮ ದೇಶದಲ್ಲಿ ಪರ್ಮಿಷನ್ ಇಲ್ದೆ ಅದನ್ನ ಇಟ್ಕೊಂಡ್ರೆ ಪೊಲೀಸ್ ಕೇಸು. ಹ್ಯಾಮ್‌ಗೆ ಹಂಗಲ್ಲ, ಒಂದು ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡ್ರೆ ಯಾರು ಬೇಕಾದ್ರೂ, 12 ವರ್ಷ ತುಂಬಿದ್ರೆ ಸಾಕು. ಒಂದು ಸೆಟ್ಟು, ಒಂದು ಕಾರ್ ಬ್ಯಾಟರಿ, ಒಂದು ಉದ್ದ ತಂತಿ. ಆ ಕಡೆ ಇನ್ನೊಬ್ರು ಅದೇ ಥರ. ಮಧ್ಯ ಯಾರೂ ಇಲ್ಲ.

ಮೊದಲನೇ ಕ್ಲಾಸಲ್ಲೇ ಸಾರ್ ಅಂಡಮಾನ್ ಕಥೆ ಹೇಳಿದ್ರು. ಅಲ್ಲಿ 1987ರಿಂದ ಹ್ಯಾಮ್‌ಗೆ ಅನುಮತಿನೇ ಇರ್ಲಿಲ್ಲವಂತೆ. ಭಾರತಿ ಪ್ರಸಾದ್ ಅನ್ನೋ ಹೆಂಗಸು ವರ್ಷಗಟ್ಲೆ ಓಡಾಡಿ ಪರ್ಮಿಷನ್ ತಗೊಂಡು 2004ರ ಡಿಸೆಂಬರ್ ಮೊದಲಲ್ಲಿ ಪೋರ್ಟ್ ಬ್ಲೇರಿಗೆ ಟೀಮ್ ಕಟ್ಕೊಂಡು ಹೋದ್ರು, ವಿಯು4ಆರ್‌ಬಿಐ ಅನ್ನೋ ಕರೆಹೆಸರಲ್ಲಿ. ಹೋಗಿದ್ದು ಬರೀ ಹವ್ಯಾಸಕ್ಕೆ, ಅಪರೂಪದ ಜಾಗ ಅಂತ ಪ್ರಪಂಚದ ಮೂಲೆ ಮೂಲೆಯಿಂದ ಸಾವಿರಾರು ಜನ ಅವ್ರ ಜೊತೆ ಮಾತಾಡೋಕೆ ಕ್ಯೂ ನಿಂತಿದ್ರು. ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿ ಸುನಾಮಿ ಬಂತು, ದ್ವೀಪದ ಫೋನೆಲ್ಲ ಬಿದ್ದೋಯ್ತು. ಆ ಹವ್ಯಾಸದ ಸೆಟ್ಟುಗಳೇ ಅವತ್ತಿಂದ ಅಂಡಮಾನಿಗೂ ಈ ಕಡೆಗೂ ಸುದ್ದಿ ದಾಟಿಸಿದ್ದು, ಕಾರ್ ನಿಕೋಬಾರಿಗೂ ಸೆಟ್ ಹೊತ್ಕೊಂಡು ಹೋದ್ರು. ಇಂಥೋರು ಬದುಕಿದಾರೆ, ಇಂಥಾ ಊರಲ್ಲಿದಾರೆ, ಅವ್ರ ಮನೆಗೆ ತಿಳ್ಸಿ. ಹ್ಯಾಮ್‌ನಲ್ಲಿ ಇಂಥಾ ಸಂದೇಶಕ್ಕೆ ಒಂದು ಫಾರಂ ಇದೆ, ನಂಬರು, ಯಾರಿಂದ, ಯಾರಿಗೆ, ವಿಳಾಸ, ಚುಟುಕಾಗಿ ವಿಷಯ. ಸಾರ್ ಬೋರ್ಡ್ ಮೇಲೆ ಗೀಟು ಎಳೆದು ಬರೀತಿದ್ರೆ ನಂಗೆ ನಗು ತಡೆಯೋಕಾಗ್ಲಿಲ್ಲ, ನಮ್ಮಪ್ಪನ ಚೆಕ್‌ರೋಲೇ ಅದು, ಒಂದು ಕಾಲಮ್ಮೂ ಹೆಚ್ಚುಕಮ್ಮಿ ಇಲ್ಲ.

ಗುಡ್ಡಗಾಡಿಗೆ ಇನ್ನೊಂದು ಚೆಂದದ ಉಪಾಯ ಇದೆ ಇದರಲ್ಲಿ. ಕೈಯಲ್ಲಿ ಹಿಡಿಯೋ ವಾಕಿಟಾಕಿ ಥರದ್ದು ಗುಡ್ಡ ಅಡ್ಡ ಬಂದ್ರೆ ಕೆಲಸ ಮಾಡಲ್ಲ, ನೇರಕ್ಕೆ ಹೋಗೋದು ಅದು. ಆದ್ರೆ 7 ಮೆಗಾಹರ್ಟ್ಸ್ ಸುತ್ತ ಇರೋ ಅಲೆಗೆ ತಂತಿನ ನೆಲಕ್ಕೆ ಹತ್ರ, ಕೆಳಗೇ ಕಟ್ಟಿದ್ರೆ ಅದು ಹೆಚ್ಚುಕಮ್ಮಿ ನೆಟ್ಟಗೆ ಮೇಲಕ್ಕೆ ಹೋಗಿ, ಆಕಾಶದ ಮೇಲಿನ ಪದರಕ್ಕೆ ತಾಗಿ, ಕೊಡೆ ಬಿಚ್ಚಿದಂಗೆ ಸುತ್ತ ಮುನ್ನೂರು ನಾನೂರು ಕಿಲೋಮೀಟರ್ ಒಳಗೆ ವಾಪಸ್ ಬೀಳುತ್ತೆ. ಮಧ್ಯ ಎಷ್ಟು ಗುಡ್ಡ ಇದ್ರೂ ಅದರ ಪಾಡಿಗೆ ಅದು. ಹಗಲು ಹೊತ್ತಲ್ಲಿ ನಮ್ಮನೆಯಿಂದ ಬೆಂಗಳೂರು ಆರಾಮಾಗಿ ಬರುತ್ತೆ. ಇದೊಂದು ಮಾತ್ರ ರಸ್ತೆ ಮೇಲೆ ಬರೋ ಸಿಗ್ನಲ್ ಅಲ್ಲ, ನಿಜವಾಗ್ಲೂ ಗಾಳಿಲೇ ಬರೋದು.

ಸದ್ಯಕ್ಕೆ ನಮ್ಮನೇಲಿ ಇರೋ ವ್ಯವಸ್ಥೆ ಇಷ್ಟೇ. ಅಕ್ಕಿ ಡಬ್ಬದ ಮೇಲಿನ ಗೋಡೆಗೆ ಅಪ್ಪ ಆರು ನಂಬರ್ ಪೇಂಟಲ್ಲೇ ಬರ್ದಿದಾರೆ, ಪೆನ್ನಲ್ಲಿ ಬರೆದ್ರೆ ಒದ್ದೆಗೆ ಹೋಗುತ್ತೆ ಅಂತ. ಮೊದಲನೇದು ನಂದಲ್ಲ, ಶಿವಮೊಗ್ಗದಲ್ಲಿರೋ ಚಿಕ್ಕಮ್ಮಂದು, ಯಾಕಂದ್ರೆ ಎಲ್ರೂ ಚಿಕ್ಕಮ್ಮಂಗೆ ಒಂದು ಮೆಸೇಜ್ ಹಾಕೋದು, ಕೇಳೋರೆಲ್ಲ ಚಿಕ್ಕಮ್ಮನ್ನೇ ಕೇಳೋದು, ಅಪ್ಪ ಅಮ್ಮನ ಫೋನಿಗೆ ಯಾರೂ ಕಾಲ್ ಮಾಡೋ ಹಾಗಿಲ್ಲ. ಚಿಕ್ಕಮ್ಮಂಗೂ ಊರಿನ ಸುದ್ದಿಯೆಲ್ಲ ತನ್ನ ಹತ್ರನೇ ಬರುತ್ತೆ ಅಂತ ಖುಷಿ. ಕರೆಂಟ್ ಹೋಗಿ ಒಂದು ದಿನ ದಾಟಿದ್ರೆ ಫೋನ್ ಆಫ್, ಬೆಳಿಗ್ಗೆ ಎಂಟಕ್ಕೆ ಸಾಯಂಕಾಲ ಆರಕ್ಕೆ ಹತ್ತತ್ತು ನಿಮಿಷ ಆನ್. ಒರತೆ ಕೆಂಪಾದ್ರೆ ಮಾತ್ರ ಯಾರನ್ನೂ ಕೇಳೋದಿಲ್ಲ, ಮೊದ್ಲು ಮನೆ ಬಿಡೋದು. ಇದು ಅಮ್ಮನೇ ಹಾಕಿದ ರೂಲು. ಆ ಹುಡುಗ ಈಗ ಕುಶಾಲನಗರದಲ್ಲಿ ಗ್ಯಾರೇಜಲ್ಲಿದಾನೆ, ಹೊಸ ವರ್ಷಕ್ಕೆ ನಾನು ವಿಶ್ ಮಾಡೋಕೆ ಮೆಸೇಜ್ ಹಾಕಿದ್ರೆ "ಅಕ್ಕ ಈಗ ಚಾರ್ಜ್ ಇದೆ ಕಾಲ್ ಮಾಡ್ಬೋದು" ಅಂತ ರಿಪ್ಲೈ ಹಾಕ್ತಾನೆ, ಪ್ರತಿ ವರ್ಷ, ತಪ್ಪದೆ.

ಪರೀಕ್ಷೆ ಇನ್ನೂ ಬರೀಬೇಕು, ಲೈಸೆನ್ಸ್ ಬರೋದು ಯಾವಾಗ್ಲೋ. ಅಷ್ಟರೊಳಗೆ ಕೇಳೋಕಾದ್ರೂ ಇರ್ಲಿ ಅಂತ ತಂತಿ ಕಟ್ಟೋ ಜಾಗ ನೋಡ್ಕೊಂಡು ಬಂದೆ ಸಂಕ್ರಾಂತಿಗೆ ಹೋದಾಗ. ಒಟ್ಟು ಸುಮಾರು 20 ಮೀಟರ್ ಬೇಕು, ಎರಡು ಮರದ ಮಧ್ಯ. ಮನೆ ಹಿಂದಿನ ಒಂದೂವರೆ ಎಕರೆ ನಮ್ದೇ, ಅದರಲ್ಲಿ ಎರಡು ಸಿಲ್ವರ್ ಮರ ಅಳತೆ ಮಾಡಿಟ್ಟಂಗೆ ನಿಂತಿವೆ. ಏಣಿ ತಂದು ಒರಗಿಸಿದ್ದೆ ಅಷ್ಟೇ, ಅಮ್ಮ ಅಂಗಳದಿಂದಾನೇ ಕೂಗಿದ್ರು. ಎರಡು ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ, ಗೊನೆ ತುಂಬಾ ಕಾಯಿ, ಈಗ ಏಣಿ ಹಾಕಿದ್ರೆ ಅರ್ಧ ಉದುರುತ್ತಂತೆ. "ಏನ್ ಮಾತಾಡೋದಿದ್ರೂ ಮೆಣಸು ಕೊಯ್ದು ಆದ್ಮೇಲೆ ಮಾತಾಡು" ಅಂದ್ರು. ಏಣಿ ವಾಪಸ್ ಕೊಟ್ಟಿಗೆಗೆ ಹೋಯ್ತು.